ಕೂತವನ ಹಂಗಾಮು

ಶಿರಗುಪ್ಪಿ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರುಗಳ ನಂಬರು ಕೂಗುವುದು ರಾಜಾರಾಮನ ಕೆಲಸ. ಕಾರ್ಖಾನೆ ಬಂದ್ ಇರುವ ತಿಂಗಳುಗಳಲ್ಲಿ ಕುಸ್ತಿ ಮೈದಾನಗಳಲ್ಲಿ ಮೈಕು ಹಿಡಿಯುತ್ತಾನೆ. ಅಥಣಿಯಿಂದ ನಿಪ್ಪಾಣಿಯವರೆಗೆ ಎಲ್ಲಿ ಕುಸ್ತಿ ಇದ್ದರೂ ಪೈಲವಾನರು ಯಾರೆಂದು ಕೇಳುವ ಮೊದಲು ಮೈಕಿಗೆ ಯಾರೆಂದು ಕೇಳುವ ಮಂದಿ ಇದ್ದಾರೆ. ಮಾತನ್ನು ಕನ್ನಡದಲ್ಲಿ ಎತ್ತಿ ಮರಾಠಿಯಲ್ಲಿ ಇಳಿಸುತ್ತಾನೆ. ಎರಡೂ ಬಾರದವನಿಗೂ ಯಾರು ಬಿದ್ದರೆಂದು ತಿಳಿಯುತ್ತದೆ.

ಈ ವಿದ್ಯೆ ಅವನಿಗೆ ಒಲಿದದ್ದು ಬಿದ್ದ ಮೇಲೆ. ಹರೆಯದಲ್ಲಿ ಅವನು ಒಂದೇ ಒಂದು ಕುಸ್ತಿ ಹಿಡಿದಿದ್ದ. ಎದುರಿನವನು ಅವನನ್ನು ಹಿಟ್ಟಿನ ಚೀಲದ ಹಾಗೆ ಎತ್ತಿ ಹಾಕಿದ. ಮೈಕಿನವನು ಚಹಾಕ್ಕೆ ಹೋಗಿದ್ದರಿಂದ ಯಾರು ಗೆದ್ದರೆಂದು ಹೇಳಲು ಯಾರೂ ಇರಲಿಲ್ಲ. ರಾಜಾರಾಮ ಎದ್ದ, ಮೈಯ ಕೆಮ್ಮಣ್ಣು ಝಾಡಿಸಿಕೊಂಡ, ಹೋಗಿ ಮೈಕು ಕೈಗೆತ್ತಿಕೊಂಡು ತಾನು ಹೇಗೆ ಬಿದ್ದೆನೆಂಬುದನ್ನು ಮೊದಲಿನಿಂದ ಕೊನೆಯ ತನಕ ಹೇಳಿದ. ಕುಸ್ತಿಗೆ ಬೀಳದ ಚಪ್ಪಾಳೆ ಇದಕ್ಕೆ ಬಿತ್ತು. ಅವತ್ತು ಮನೆಗೆ ಬಂದ ಮೇಲೆ ಅವನ ಅಪ್ಪ, ನಾಳೆಯಿಂದ ಪೈಲವಾನರ ಹಾಗೆ ಬದಾಮು ತಿನ್ನುವ ಕಾರಣವಿಲ್ಲ ಅಂದ.

ಹೋದ ವರ್ಷ ದಸರೆಯ ಮುಂದೆ ಅವನಿಗೊಂದು ಫೋನು ಬಂತು. ಮಾತಾಡಿದವಳು ಕೋಮಲ ಅಂತ, ಅಥಣಿಯ ಹುಡುಗಿ. ಮೊಬೈಲಿನಲ್ಲಿ ಆಟ ತೋರಿಸುವ ಒಂದು ಕಂಪನಿಯಲ್ಲಿ ಕನ್ನಡದ ವಿಭಾಗ ನೋಡಿಕೊಳ್ಳುತ್ತಿದ್ದಳು. ದೇಶದ ಎಂಟು ಊರುಗಳ ಎಂಟು ತಂಡಗಳು ಆಡುವ ಬಾಸ್ಕೆಟ್‌ಬಾಲ್ ಲೀಗು ದೀಪಾವಳಿ ಮುಗಿದ ಮೇಲೆ ಶುರುವಾಗಲಿತ್ತು. ಅದಕ್ಕೆ ಉತ್ತರ ಕರ್ನಾಟಕದ ದನಿ ಬೇಕಾಗಿತ್ತು. ಮೊದಲು ವಾರಕ್ಕೊಂದು ಕಾರ್ಯಕ್ರಮ, ಈ ಹಂಗಾಮಿನಲ್ಲಿ ಏನೇನು ನೋಡಬೇಕು ಅಂತ; ಆಮೇಲೆ ಪಂದ್ಯಗಳು.

ರಾಜಾರಾಮ ತನಗೆ ಆ ಆಟ ಗೊತ್ತಿಲ್ಲವೆಂದ. ನೋಡುವವರಿಗೂ ಗೊತ್ತಿಲ್ಲ, ಅದೇ ಚೊಲೋ ಆಯ್ತು ಅಂದಳು ಕೋಮಲ. ಬುಟ್ಟಿಗೆ ತಳ ಯಾಕಿಲ್ಲ ಎಂಬುದರಿಂದ ಹಿಡಿದು ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಒಂದು ಸಂಗತಿ ಮಾತ್ರ ಅವನ ತಲೆಗೆ ಹೋಗಲಿಲ್ಲ. ತಂಡಕ್ಕೆ ಹನ್ನೆರಡು ಮಂದಿ, ಆಡುವವರು ಐವರು.

"ಉಳದಾವ್ರು ಏನ್ ಮಾಡ್ತಾರವಾ?"

"ಕೂತಿರ್ತಾರ್ರಿ ಕಾಕಾ. ಎದ್ದು ಟವೆಲ್ ಕೊಡ್ತಾರ್ರಿ."

ಕುಸ್ತಿಯಲ್ಲಿ ಕೂತವನಿಗೆ ಪ್ರೇಕ್ಷಕ ಅನ್ನುತ್ತಾರೆ.

ಮನೆಯ ಪಡಸಾಲೆಯಲ್ಲೇ ಕಾರ್ಯಕ್ರಮ ಶುರುವಾಯಿತು. ಹೆಂಡತಿ ಶೇವಂತಾ ಫ್ಯಾನು ಬಂದ್ ಮಾಡಿ, ಬಾಗಿಲಿಗೆ ಕೌದಿ ಕಟ್ಟಿ, ನೆರೆಯವರಿಗೆ ಒಂದು ತಾಸು ಜಗಳಾಡಬೇಡಿರೆಂದು ಹೇಳಿ ಬಂದಳು. ಎಮ್ಮೆಗೆ ಹೇಳುವುದು ಆಗಲಿಲ್ಲ. ಅದು ಮಾತಿನ ನಡುವೆ ಎರಡು ಸಲ ಒದರಿತು. ಕಂಪನಿಯವರಿಗೆ ಅದು ಸೇರಿತೆಂದೂ ಮುಂದಿನ ವಾರವೂ ಇರಲೆಂದೂ ಕೋಮಲ ಹೇಳಿದಳು. ಮುಂದಿನ ವಾರ ಎಮ್ಮೆ ಬಾಯಿ ತೆರೆಯಲಿಲ್ಲ.

ನೋಡಬೇಕಾದದ್ದು ಬಹಳ ಇತ್ತು. ಪುಣೆಯ ತಂಡದ ಹಳೇ ಕ್ಯಾಪ್ಟನ್ ಮೊಣಕಾಲಿಗೆ ಆಪರೇಶನ್ ಮಾಡಿಸಿಕೊಂಡು ಒಂದು ಹಂಗಾಮು ಬಿಟ್ಟು ತಿರುಗಿ ಬರುತ್ತಿದ್ದ. 'ಮುದಿ ಎತ್ತು ನೊಗಕ್ಕ ಹೆಗಲ ಕೊಟ್ಟೈತಿ, ಗೆರಿ ಸೀದಾ ಹೋಗೂದೋ ಸೊಟ್ಟ ಹೋಗೂದೋ ನೋಡ್ರಿ' ಅಂದ ರಾಜಾರಾಮ. ಚೆನ್ನೈಗೆ ಹೊಸದಾಗಿ ಬಂದ ಹುಡುಗ ಬಸ್ಸಿನ ಬಾಗಿಲಲ್ಲಿ ಬಗ್ಗಿ ಹತ್ತುವಷ್ಟು ಎತ್ತರ ಇದ್ದ, ಆದರೆ ಓಡಿದರೆ ದಣಿಯುತ್ತಿದ್ದ. ಲುಧಿಯಾನದ ಅಣ್ಣತಮ್ಮ ಇಬ್ಬರೂ ಈ ಸಲ ಬೇರೆ ಬೇರೆ ತಂಡಕ್ಕೆ ಹೋಗಿದ್ದರು. ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ; ಹೊಲ ಪಾಲಾದ ಮನೆಗಳು ಎಲ್ಲ ಊರಲ್ಲೂ ಇವೆ. ಕೊಚ್ಚಿಯವರು ಕಿತ್ತುಹಾಕಿದ ಕೋಚು ಚೆನ್ನೈಯಲ್ಲಿ ಕೆಲಸ ಹಿಡಿದಿದ್ದ, ಮೊದಲ ವಾರವೇ ಕೊಚ್ಚಿಯ ಎದುರು ಆಟ. ಇನ್ನು ಇಂದೋರದ ತಂಡ: ಹಿಂದಿನ ಹಂಗಾಮಿನಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಇದಕ್ಕಿಂತ ಕೆಳಗೆ ಹೋಗಲು ಜಾಗವಿಲ್ಲದ್ದರಿಂದ ಈ ಸಲ ಮೇಲೇಳುವ ಸಂಭವ ಇದೆ ಅಂದ.

ಜನ ಕೇಳಿದರು. ಚಿಕ್ಕೋಡಿಯ ಕಟಿಂಗ್ ಅಂಗಡಿಗಳಲ್ಲಿ, ಕಾಗವಾಡದ ಚಹಾದಂಗಡಿಗಳಲ್ಲಿ, ಚೆಂಡನ್ನು ಕೈಯಿಂದ ಮುಟ್ಟದವರೂ ಲುಧಿಯಾನದ ಅಣ್ಣತಮ್ಮಂದಿರ ಬಗ್ಗೆ ಒಂದೊಂದು ಪಕ್ಷ ಹಿಡಿದರು.

ಒಂದು ಮಧ್ಯಾಹ್ನ ದಿಗ್ಗೇವಾಡಿಯ ಮುರಗೆಪ್ಪ ಕಾರಿನಲ್ಲಿ ಬಂದಿಳಿದ. ಕೃಷ್ಣೆಯ ದಂಡೆಗೆ ಕಬ್ಬು, ಮೇಲಿನ ಹೊಲಕ್ಕೆ ದ್ರಾಕ್ಷಿ ಇದ್ದ ದೊಡ್ಡ ರೈತ. ಅವನ ಟ್ರ್ಯಾಕ್ಟರುಗಳ ನಂಬರನ್ನು ರಾಜಾರಾಮ ವರ್ಷ ವರ್ಷ ಕೂಗಿದ್ದ. ಹೀಗೆ ಮನೆಗೆ ಬಂದದ್ದು ಇದೇ ಮೊದಲು. ಶೇವಂತಾ ಚಹಾ ಕೊಟ್ಟಳು. ಮುರಗೆಪ್ಪ ಮಳೆಯ ಬಗ್ಗೆ ಮಾತಾಡಿದ, ಕಬ್ಬಿನ ಇಳುವರಿಯ ಬಗ್ಗೆ ಮಾತಾಡಿದ, ಎಮ್ಮೆ ಯಾವ ತಳಿಯದೆಂದು ಕೇಳಿದ. ಮತ್ತೊಂದು ಚಹಾ ಆಯಿತು. ಎದ್ದು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುವಾಗ ತಲೆ ಎತ್ತದೆ ಹೇಳಿದ.

"ಇಂದೋರದ ಟೀಮಿನಾಗ ನಮ್ಮ ದುಂಡೇಶ ಅದಾನ್ರಿ. ಎಲ್ಲಾರ ಹೆಸರ ಹೇಳಿದ್ರಿ, ಅಂವನ್ದೊಂದ ಬರಲಿಲ್ಲ. ಊರಾಗ ಮಂದಿ ಕೇಳಾಕತ್ತಾರ."

ರಾಜಾರಾಮನಿಗೆ ಇದು ಗೊತ್ತೇ ಇರಲಿಲ್ಲ. ನೋಡೋಣ ಸಾವಕಾರ್ರ ಅಂದ. ಕಾರು ಹೋದ ಮೇಲೆ ಕೋಮಲಳಿಗೆ ಫೋನು ಮಾಡಿ ಕೇಳಿದ. ಅವಳು ಹುಡುಕಿ ಹೇಳಿದಳು: ದುಂಡೇಶ ಹನ್ನೆರಡನೆಯವನು. ಹಿಂದಿನ ಹಂಗಾಮಿನಲ್ಲಿ ಒಂದು ಸಲವೂ ಎದ್ದಿಲ್ಲ. ಸೋಲುವ ತಂಡದಲ್ಲೂ ಎದ್ದಿಲ್ಲ. ಅವನ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, ಬಿಟ್ಟುಬಿಡಿರಿ ಅಂದಳು. ರಾಜಾರಾಮ ಹೂಂ ಅಂದ.

ಕೊನೆಯ ಕಾರ್ಯಕ್ರಮ ನೇರ ಪ್ರಸಾರವಿತ್ತು. ಮುದಿ ಎತ್ತು, ಅಣ್ಣತಮ್ಮ, ಕೋಚು ಎಲ್ಲ ಮತ್ತೊಮ್ಮೆ ಮುಗಿದವು. ಕಾರ್ಯಕ್ರಮ ಮುಗಿಯಲು ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ರಾಜಾರಾಮ ಗಂಟಲು ಸರಿಮಾಡಿಕೊಂಡು ಅಂದ:

"ಇನ್ನೊಂದ ನೋಡೂದೈತ್ರಿ. ಇಂದೋರದ ತಂಡದಾಗ ದಿಗ್ಗೇವಾಡಿ ಮುರಗೆಪ್ಪನವರ ಮಗ ದುಂಡೇಶ ಅದಾನ. ಹ್ವಾದ ಹಂಗಾಮ ಪೂರಾ ಕೂತಾನ. ಒಂದ ಸಲಾನೂ ಎದ್ದಿಲ್ಲ. ತಾಲೀಮು ತಪ್ಪಿಸಿಲ್ಲ, ಊರಿಗೆ ಓಡಿ ಬಂದಿಲ್ಲ, ಕೂತಾನ. ಈ ಸಲ ಏಳ್ತಾನೋ ಇಲ್ಲೋ, ನಾ ಅದನ್ನ ನೋಡಾಂವ."

ಚೊಲೋ ಹೇಳಿದೆ ಎಂದೇ ಅವನಿಗೆ ಅನಿಸಿತ್ತು. ಕೌದಿ ಬಿಚ್ಚುತ್ತಿದ್ದ ಶೇವಂತಾ ಅವನ ಮುಖ ನೋಡಿದಳು.

"ಅವ್ರು ಹೆಸರ ಹೇಳ ಅಂದಿದ್ರು. ಹಕೀಕತ್ ಹೇಳ ಅಂದಿದ್ದಿಲ್ಲ."

ಆಗಬಾರದ್ದು ಆಗಿತ್ತು. ಆ ಆಟ ನೋಡುವವರು ಊರಲ್ಲಿ ಯಾರೂ ಇಲ್ಲದ್ದರಿಂದ ಮುರಗೆಪ್ಪ ಹಿಂದಿನ ಹಂಗಾಮಿನಿಂದಲೂ ಮಗನ ಆಟ ವರ್ಣಿಸುತ್ತ ಬಂದಿದ್ದ. ಇಂದೋರದವರು ಸೋತಾಗಲೂ ದುಂಡೇಶ ಚೆನ್ನಾಗಿಯೇ ಆಡುತ್ತಿದ್ದ, ಉಳಿದವರು ಕೆಡಿಸುತ್ತಿದ್ದರು. ಒಮ್ಮೆ ಪುಣೆಯ ಕ್ಯಾಪ್ಟನ್ನನ್ನೂ ತಡೆದು ನಿಲ್ಲಿಸಿದ್ದ. ಈಗ ಹಾಲು ಹಾಕಲು ಬಂದವರೆಲ್ಲ ಡೇರಿಯ ಕಟ್ಟೆಯ ಮೇಲೆ ಅದನ್ನು ಮತ್ತೊಮ್ಮೆ ಹೇಳಿರೆಂದು ಕೇಳತೊಡಗಿದ್ದರು. ಮುರಗೆಪ್ಪ ಹಾಲು ಹಾಕಲು ಆಳನ್ನು ಕಳಿಸತೊಡಗಿದ.

ಈ ಸುದ್ದಿ ಎರಡು ದಿನದಲ್ಲಿ ರಾಜಾರಾಮನಿಗೂ ಮುಟ್ಟಿತು. ತಾನು ಬಿದ್ದದ್ದನ್ನು ತಾನೇ ಹೇಳುವುದು ಬೇರೆ, ಮತ್ತೊಬ್ಬನ ಮಗ ಕೂತದ್ದನ್ನು ಹೇಳುವುದು ಬೇರೆ. ಮೂರನೆಯ ದಿನ ಮೋಟರ್‌ಸೈಕಲ್ ಹತ್ತಿ ದಿಗ್ಗೇವಾಡಿಗೆ ಹೋದ.

ಮುರಗೆಪ್ಪ ದ್ರಾಕ್ಷಿ ತೋಟದಲ್ಲಿ ಬಳ್ಳಿಯ ಕಡ್ಡಿ ಸವರುವ ಚಾಟಣಿ ಮಾಡಿಸುತ್ತಿದ್ದ. ಕೈಯಲ್ಲಿ ಕತ್ತರಿ ಇತ್ತು. ರಾಜಾರಾಮ ತಪ್ಪಾಯಿತೆಂದ. ಮುರಗೆಪ್ಪ ಒಂದು ಕಡ್ಡಿ ಕತ್ತರಿಸಿದ, ಇನ್ನೊಂದು ಕತ್ತರಿಸಿದ. ಹೀಗೇ ಒಂದು ಸಾಲು ಮುಗಿಯಿತು. ಅಷ್ಟರಲ್ಲಿ ಬುತ್ತಿ ತಂದಿದ್ದ ಅವನ ಹೆಂಡತಿ ಅಕ್ಕವ್ವ ಬದುವಿನ ಮೇಲೆ ಗಂಟು ಇಳಿಸಿ, ರಾಜಾರಾಮನಿಗೂ ಕೂಡಲು ಹೇಳಿ, ಗಂಡನಿಗೆ ಕೇಳುವ ಹಾಗೆ ಮಾತಾಡಿದಳು.

"ಚೊಲೋನ ಆತ್ರಿ ಅಣ್ಣಾರ. ಅಂವ ದಿನಾ ನನಗ ಫೋನ್ ಹಚ್ಚಿ, ಯವ್ವಾ ಇವತ್ತೂ ಕೂತೆ ಅಂತಿದ್ದ. ನಾ ಹೊರಗ ಬಂದು ಮಂದಿಗೆ ಬ್ಯಾರೆ ಹೇಳಬೇಕು. ಇವ್ರು ಇಂಥಾದ್ದ ಹೇಳ್ಯಾರ, ನಾ ಅಂಥಾದ್ದ ಹೇಳಬಾರದು, ಎರಡೂ ಕೂಡಬೇಕು. ಸಾಕಾಗಿತ್ರಿ ನನಗ."

ಮುರಗೆಪ್ಪ ಕತ್ತರಿ ಕೆಳಗಿಟ್ಟ. ಹೆಂಡತಿಗೆ ಗೊತ್ತಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮಗ ತನಗೊಬ್ಬನಿಗೇ ಹೇಳಿದ್ದಾನೆಂದು ತಿಳಿದಿದ್ದ. ತನಗೊಬ್ಬಳಿಗೇ ಹೇಳಿದ್ದಾನೆಂದು ಅಕ್ಕವ್ವನೂ ತಿಳಿದಿದ್ದಳು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಸಂಗತಿಯನ್ನು, ಒಬ್ಬರಿಗೊಬ್ಬರು ಗೊತ್ತಾಗದಂತೆ ಕಾಯ್ದುಕೊಂಡು ಬಂದಿದ್ದರು. ಅಕ್ಕವ್ವ ಮೂವರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಂಡಾದ ಮೇಲೆ ಮುರಗೆಪ್ಪ, ಮೊದಲನೆಯ ಆಟ ಯಾವತ್ತು ಎಂದು ಕೇಳಿದ.

ಮೊದಲನೆಯ ಆಟ ಪುಣೆಯ ಎದುರು, ಸಂಜೆ ಏಳಕ್ಕೆ. ಕಾರ್ಖಾನೆಯಲ್ಲಿ ನುರಿಸುವ ಹಂಗಾಮೂ ಅದೇ ವಾರ ಶುರುವಾಗಿತ್ತು. ರಾಜಾರಾಮ ಹಗಲು ಟ್ರ್ಯಾಕ್ಟರಿನ ನಂಬರು ಕೂಗಿ, ಸಂಜೆ ಬಿಸಿನೀರಿನಿಂದ ಗಂಟಲು ಮುಕ್ಕಳಿಸಿ ಪಡಸಾಲೆಯಲ್ಲಿ ಕೂತ. ಮುದಿ ಎತ್ತು ಗೆರೆ ಸೀದಾ ಹೊಡೆಯಿತು. ಇಂದೋರದವರು ಅರ್ಧ ಆಟಕ್ಕೇ ಮೇಲೇಳಲಾರದಷ್ಟು ಹಿಂದೆ ಬಿದ್ದರು. ಆದರೆ ಮೊಬೈಲಿನ ಪರದೆಯ ಮೇಲೆ ನೋಡುಗರು ಬರೆಯುವ ಜಾಗದಲ್ಲಿ ಪುಣೆಯ ಹೆಸರಿರಲಿಲ್ಲ, ಇಂದೋರದ್ದೂ ಇರಲಿಲ್ಲ. ರಾಯಬಾಗದಿಂದ, ನಿಪ್ಪಾಣಿಯಿಂದ, ಊರ ಹೆಸರು ಹೇಳದವರಿಂದ ಒಂದೇ ಮಾತು ಬರುತ್ತಿತ್ತು: ಏಳೋ ದುಂಡ್ಯಾ.

ಆಟ ಮುಗಿಯಲು ನಾಲ್ಕು ನಿಮಿಷ ಇದ್ದಾಗ ಕೋಚು ಬೆಂಚಿನ ಕಡೆ ತಿರುಗಿ ಬೆರಳು ಮಾಡಿದ. ದುಂಡೇಶ ತನ್ನ ಪಕ್ಕದವನನ್ನು ನೋಡಿದ. ಪಕ್ಕದವನು ಇವನನ್ನು ನೋಡಿದ. ಆಮೇಲೆ ದುಂಡೇಶ ಮೇಲಂಗಿ ತೆಗೆಯಲು ಹೋದ; ಅದು ತಲೆಯಲ್ಲಿ ಸಿಕ್ಕಿಕೊಂಡಿತು.

ಇಷ್ಟು ವರ್ಷ ಯಾವ ಮೈದಾನದಲ್ಲೂ ಮಾತಿಗೆ ತಡವರಿಸದ ರಾಜಾರಾಮನ ಬಾಯಿ ಆಗ ಕಟ್ಟಿತು. ಕಿವಿಯಲ್ಲಿ ಕೋಮಲ, ಕಾಕಾ ಮಾತಾಡ್ರಿ, ಕಾಕಾ ಮಾತಾಡ್ರಿ ಅನ್ನುತ್ತಿದ್ದಳು. ಶೇವಂತಾ ಬೆನ್ನ ಮೇಲೆ ಒಂದು ಗುದ್ದಿದಳು.

"ಎದ್ದಾನ್ರಿ," ಅಂದ ರಾಜಾರಾಮ.

ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ದುಂಡೇಶ ಮೊದಲು ತಪ್ಪು ಕಡೆ ಓಡಿದ. ಒಮ್ಮೆ ಚೆಂಡು ಎಸೆದ, ಅದು ಬುಟ್ಟಿಯ ಹಲಗೆಗೂ ಮುಟ್ಟಲಿಲ್ಲ. ಒಬ್ಬನಿಗೆ ಡಿಕ್ಕಿ ಹೊಡೆದು ಫೌಲು ಮಾಡಿದ. ಆಮೇಲೆ ಪುಣೆಯ ಕ್ಯಾಪ್ಟನ್ ಎಸೆದ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಚಿಮ್ಮಿದಾಗ, ನಾಲ್ಕು ಕೈಗಳ ನಡುವಿನಿಂದ ಅದನ್ನು ಕಸಿದುಕೊಂಡು, ಹಸಿ ಕೂಸನ್ನು ಹಿಡಿದ ಹಾಗೆ ಎದೆಗೆ ಅವಚಿಕೊಂಡು ನಿಂತ. ಯಾರಿಗೆ ಕೊಡಬೇಕೆಂದು ತಿಳಿಯದೆ ಅಲ್ಲೇ ನಿಂತ. ಅಷ್ಟರಲ್ಲಿ ಆಟ ಮುಗಿಯಿತು. ಇಂದೋರ ಸೋತಿತು.

ಮರುದಿನ ಮುರಗೆಪ್ಪ ತಾನೇ ಹಾಲು ಹಾಕಲು ಹೋದ. ಡೇರಿಯ ಕಟ್ಟೆಯ ಮೇಲೆ ಜನ ಕಾದಿದ್ದರು. ಅವನು ನಡೆದದ್ದಷ್ಟನ್ನೇ ಹೇಳಿದ: ನಾಲ್ಕು ನಿಮಿಷ ಆಡಿದ, ಚೆಂಡು ಹಲಗೆಗೆ ಮುಟ್ಟಲಿಲ್ಲ, ಒಂದು ಸಲ ಕಸಿದುಕೊಂಡ. ಧೂಳಪ್ಪನೆಂಬ ಮುದುಕ, ಇನ್ನಷ್ಟು ಇರಬೇಕಲ್ಲ ಅಂದ. ಇಷ್ಟೇ, ಅಂದ ಮುರಗೆಪ್ಪ. ಜನಕ್ಕೆ ಸ್ವಲ್ಪ ನಿರಾಸೆಯಾಯಿತು. ಹಿಂದಿನ ವರ್ಣನೆಗಳೇ ಚೊಲೋ ಇದ್ದವು ಅನಿಸಿತು.

ಆ ಹಂಗಾಮಿನಲ್ಲಿ ಇಂದೋರದವರು ಎರಡು ಆಟ ಗೆದ್ದರು. ಆ ಎರಡರಲ್ಲೂ ದುಂಡೇಶ ಕೂತಿದ್ದ. ಸೋತ ಆಟಗಳಲ್ಲಿ ಆಗೊಮ್ಮೆ ಈಗೊಮ್ಮೆ ಎದ್ದ. ಕೋಮಲಳ ಕಂಪನಿಯವರು ರಾಜಾರಾಮನನ್ನು ಈ ವರ್ಷಕ್ಕೂ ಇಟ್ಟುಕೊಂಡಿದ್ದಾರೆ. ಮುರಗೆಪ್ಪನ ಟ್ರ್ಯಾಕ್ಟರು ಕಾರ್ಖಾನೆಗೆ ಬಂದ ದಿನ ಅವನೂ ಜೊತೆಗೆ ಬಂದು ಚಹಾದಂಗಡಿಯಲ್ಲಿ ಕೂಡುತ್ತಾನೆ. ಮಗ ಏನು ಮಾಡಾಕತ್ತಾನ್ರಿ ಎಂದು ಯಾರಾದರೂ ಕೇಳಿದರೆ, "ಹಗಲೆಲ್ಲಾ ತಾಲೀಮು, ಸಂಜೀಕ ಕೂತಿರ್ತಾನ್ರಿ" ಅನ್ನುತ್ತಾನೆ, ಬಿಸಿ ಚಹಾ ಊದಿ ಆರಿಸುತ್ತ.