ಲೀಟರಿಗೆ ಮೂವತ್ತೈದು

ಬೀದಿಯಲ್ಲಿ ಲಾಂಡ್ರಿಯವನಿಗೆ ಇದ್ದ ಹೆಸರು ಮೂವತ್ತೈದು. ಅದು ಅವನ ವಯಸ್ಸಲ್ಲ, ಮನೆ ನಂಬರೂ ಅಲ್ಲ. ತನ್ನ ಐನೂರು ಸಿಸಿ ಮೋಟಾರ್ ಸೈಕಲ್ಲು ಒಂದು ಲೀಟರ್ ಪೆಟ್ರೋಲಿಗೆ ಮೂವತ್ತೈದು ಕಿಲೋಮೀಟರ್ ಓಡುತ್ತದೆ ಎಂದು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳುತ್ತಿದ್ದ. ಅಷ್ಟು ದೊಡ್ಡ ಇಂಜಿನ್ನು ಇಪ್ಪತ್ತೈದು ಕೊಟ್ಟರೆ ಹೆಚ್ಚು ಎಂದು ಯಾರಾದರೂ ಅಂದರೆ, ಅದೆಲ್ಲ ಕೈಯಲ್ಲಿರಬೇಕು ಎಂದು ಬಲಗೈ ಮಣಿಕಟ್ಟು ತಿರುಗಿಸಿ ತೋರಿಸುತ್ತಿದ್ದ.

ಗಾಡಿ ತರುವಾಗ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಬಟ್ಟೆ ಒಗೆಯುವವನಿಗೆ ಯಾಕಪ್ಪಾ ಈ ಆನೆ ಎಂದು ತಾಯಿ ಕೇಳಿದ್ದಳು. ಮೂಗಿಗಿಂತ ಮೂಗುತಿ ಭಾರ ಎಂದು ತಮ್ಮ ನಕ್ಕಿದ್ದ. ಆದರೆ ಗುಡ್ಡದ ಮೇಲಿನ ಆಸ್ಪತ್ರೆಯ ಹಾಸಿಗೆ ಬಟ್ಟೆ ಸಣ್ಣ ಗಾಡಿಯಲ್ಲಿ ಹೋಗುವಂಥದ್ದಲ್ಲ. ದಿನಕ್ಕೆ ಎಂಟು ಗಂಟು ಹತ್ತಬೇಕು, ಎಂಟು ಗಂಟು ಇಳಿಯಬೇಕು. ತಾಯಿಯ ಹೆಸರಿನಲ್ಲೇ ಕಾಗದ ಮಾಡಿಸಿ ಅವಳ ಬಾಯಿ ಮುಚ್ಚಿಸಿದ. ತಮ್ಮನ ಬಾಯಿ ಮುಚ್ಚಿಸಿದ್ದು ಮೂವತ್ತೈದು. ಪ್ರತಿ ಶನಿವಾರ ತಮ್ಮನನ್ನೇ ಹಿಂದೆ ಕೂರಿಸಿಕೊಂಡು ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿ, ಮೀಟರು ಓದಿಸಿ, ಲೆಕ್ಕ ಅವನ ಬಾಯಿಂದಲೇ ಹೇಳಿಸುತ್ತಿದ್ದ.

ಹನ್ನೊಂದು ವರ್ಷ ಹೀಗೆ ನಡೆಯಿತು. ಹನ್ನೆರಡನೆಯ ವರ್ಷ ಒಂದು ಬೆಳಿಗ್ಗೆ ಇಸ್ತ್ರಿ ಮೇಜಿನ ಮುಂದೆ ಎದೆ ಹಿಡಿದುಕೊಂಡು ಕುಳಿತ. ಏಳಲಿಲ್ಲ. ಇಸ್ತ್ರಿ ಪೆಟ್ಟಿಗೆ ದಿಂಬಿನ ಕವರಿನ ಮೇಲೆ ಹಾಗೇ ಇತ್ತು. ಹೆಂಡತಿ ಮೊದಲು ಅದನ್ನು ಎತ್ತಿಟ್ಟಳು, ಆಮೇಲೆ ಅವನನ್ನು ಮುಟ್ಟಿದಳು. ಯಾವುದು ಮೊದಲು ಮಾಡಿದೆ ಎಂದು ಅವಳು ಯಾರಿಗೂ ಹೇಳಿಲ್ಲ.

ಹದಿನೈದು ದಿನ ಕಳೆಯುವಷ್ಟರಲ್ಲಿ ಆಸ್ಪತ್ರೆಯಿಂದ ಹೇಳಿಕಳಿಸಿದರು. ಬಟ್ಟೆ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಅವಳು ಗಂಡನ ಪ್ಯಾಂಟನ್ನು ಕೆಳಗೆ ಮಡಿಸಿ ಹಾಕಿಕೊಂಡು ಗಾಡಿ ಹತ್ತಿದಳು. ಓಡಿಸುವುದನ್ನು ಅವನೇ ಕಲಿಸಿದ್ದ, ಬೈದು ಬೈದು ಕಲಿಸಿದ್ದ. ಕಿಕ್ಕರ್ ಒದೆಯಲು ಮಾತ್ರ ಅವಳ ಮೈಭಾರ ಸಾಲದು. ಎರಡೂ ಕಾಲಿನಲ್ಲಿ ಅದರ ಮೇಲೆ ನಿಂತು ಭಾರ ಬಿಡಬೇಕು.

ಮೊದಲ ಶನಿವಾರ ಮೈದುನ ಬಂದ. ಎಂದಿನಂತೆ ಬಂಕಿಗೆ ಹೋದರು. ಮೀಟರು ಓದಿದ. ಇಪ್ಪತ್ತೊಂದು.

ಮುಂದಿನ ವಾರವೂ ಇಪ್ಪತ್ತೊಂದೇ. ಮೈದುನ ಗೋದಾಮಿನಲ್ಲಿ ಕಾವಲಿನವರ ಮೇಲ್ವಿಚಾರಕ, ತಪ್ಪು ಹಿಡಿಯುವುದೇ ಅವನ ಉದ್ಯೋಗ. ಮನೆಗೆ ಬಂದು ತಾಯಿಯ ಎದುರು ಕುಳಿತು ಹೇಳಿದ. "ಅಣ್ಣನ ಕೈಲಿ ಮೂವತ್ತೈದು ಕೊಟ್ಟ ಗಾಡಿ ನಿಮ್ಮ ಕೈಲಿ ಇಪ್ಪತ್ತೊಂದು ಕೊಡ್ತಿದೆ ಅಂದ್ರೆ ಏನರ್ಥ ಅತ್ತಿಗೆ? ಇಂಜಿನ್ ಕೊಲ್ತಿದೀರ. ಅದನ್ನ ನಂಗೆ ಬಿಡಿ. ನನ್ನ ಸ್ಕೂಟರ್ ನೀವಿಟ್ಕೊಳ್ಳಿ."

ಸ್ಕೂಟರಿನಲ್ಲಿ ಎರಡು ಗಂಟು ಹೋಗುತ್ತಿದ್ದವು. ಗುಡ್ಡ ಹತ್ತುವಾಗ ಅವೂ ಇಲ್ಲ. ಗಾಡಿ ಹೋದರೆ ಆಸ್ಪತ್ರೆ ಹೋಯಿತು, ಆಸ್ಪತ್ರೆ ಹೋದರೆ ಲಾಂಡ್ರಿ ಹೋಯಿತು. ಅತ್ತೆ ಮಗನ ಮಾತು ಕೇಳಿದಳು, ಸೊಸೆಯ ಮುಖ ನೋಡಿದಳು, ಎರಡು ತಿಂಗಳು ಕೊಟ್ಟಳು. ಅಷ್ಟರೊಳಗೆ ದೊಡ್ಡವನು ತೆಗೆದಷ್ಟು ಬಂದರೆ ಸರಿ, ಇಲ್ಲದಿದ್ದರೆ ಕೀಲಿ ಚಿಕ್ಕವನಿಗೆ.

ಅವಳು ಮೆಕ್ಯಾನಿಕ್ಕಿನ ಹತ್ತಿರ ಹೋದಳು. ಗಂಡನ ಸ್ನೇಹಿತ. ಮೈಯೆಲ್ಲ ಗ್ರೀಸು ಮಾಡಿಕೊಳ್ಳುವ ಕೆಲಸ, ಆದರೆ ಬೀದಿಯಲ್ಲಿ ಇಸ್ತ್ರಿ ಮುರಿಯದ ಶರಟು ಹಾಕುವವನು ಅವನೊಬ್ಬನೇ. ಅವನು ಕಾರ್ಬುರೇಟರ್ ಬಿಚ್ಚಿ ತೊಳೆದ. ಪ್ಲಗ್ಗು ಮಸಿ ಹಿಡಿದಿತ್ತು, ಹೊಸದು ಹಾಕಿದ. ಏರ್ ಫಿಲ್ಟರ್ ಬದಲಾಯಿಸಿದ. ಇಪ್ಪತ್ತೆರಡು ಬಂತು. ಚೈನು ಸಡಿಲ ನೋಡಿ ಎಣ್ಣೆ ಬಿಟ್ಟ, ಚಕ್ರಕ್ಕೆ ಗಾಳಿ ಸರಿಮಾಡಿದ. ಇಪ್ಪತ್ಮೂರು. ಮತ್ತೆ ಕಾರ್ಬುರೇಟರ್ ಬಿಚ್ಚಿದ. ಮತ್ತೆ ಇಪ್ಪತ್ಮೂರು.

ಅಂಗಡಿಯ ಹಿಂದಿನ ಅಂಗಳದಲ್ಲಿ ಗಾಡಿಯ ಚಕ್ರಕ್ಕೆ ಒದ್ದು ಅವಳ ಹೆಬ್ಬೆರಳು ಬಾತಿತು. ಹನ್ನೊಂದು ವರ್ಷ ಊರಿಗೆಲ್ಲ ಹೇಳಿದ ಮನುಷ್ಯ ಹೆಂಡತಿಗೆ ಮಾತ್ರ ಹೇಗೆಂದು ಹೇಳದೆ ಹೋದನಲ್ಲ. ನಿದ್ದೆಯಲ್ಲಿ ಬಂದು ಹೇಳಲಿ ಎಂದು ಕಾದಳು. ನಿದ್ದೆಯೂ ಬರಲಿಲ್ಲ.

ಕೊನೆಗೆ ತಾನೇ ಹುಡುಕತೊಡಗಿದಳು. ಒಂದು ದಿನ ಆಸ್ಪತ್ರೆಯ ಹಿಂಬಾಗಿಲಲ್ಲಿ ಗಂಟು ಇಳಿಸುವಾಗ ಹಿಂದಿನ ಚಕ್ರದ ನಡುವಿಗೆ ಕೈ ತಾಗಿ ಸುಟ್ಟಿತು. ಇಸ್ತ್ರಿ ಪೆಟ್ಟಿಗೆಯ ಬಿಸಿ ಯಾವುದು, ಬಿಸಿಲಿನ ಬಿಸಿ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ರೇಕು ಹಿಡಿದುಕೊಂಡೇ ಓಡುತ್ತಿತ್ತು. ಅವಳ ಕಾಲು ಚಿಕ್ಕದೆಂದು ಮೆಕ್ಯಾನಿಕ್ಕು ಬ್ರೇಕಿನ ಪೆಡಲು ಎತ್ತರಿಸಿ ಕೊಟ್ಟಿದ್ದ, ಅವಳ ಪಾದ ಸದಾ ಅದರ ಮೇಲೇ ಕೂತಿರುತ್ತಿತ್ತು. ಪೆಡಲು ಇಳಿಸಿದಳು. ಇಪ್ಪತ್ತೈದು.

ಇನ್ನೊಂದು ದಿನ ಔಷಧಿ ಅಂಗಡಿಯ ಗಾಜಿನಲ್ಲಿ ತನ್ನ ಬಿಂಬ ಹೋಗುವುದು ಕಂಡಿತು. ಗಾಡಿಯಲ್ಲ ಅದು, ಎರಡೂ ಕಡೆ ಗೋಡೆ ಕಟ್ಟಿಕೊಂಡ ಕೋಣೆ. ಒಗೆದ ಬಟ್ಟೆ ಉಬ್ಬಿರುತ್ತದೆ. ಗಂಡನೂ ಹಾಗೇ ಕಟ್ಟುತ್ತಿದ್ದ, ಅವಳೂ ಹಾಗೇ ಕಟ್ಟುತ್ತಿದ್ದಳು. ಗಾಳಿಯನ್ನು ತಳ್ಳಿಕೊಂಡು ಹೋಗಲು ಅರ್ಧ ಪೆಟ್ರೋಲು. ಹಾಸಿಗೆ ಬಟ್ಟೆಯನ್ನು ಮೊಣಕಾಲಿನಲ್ಲಿ ಒತ್ತಿ, ಹಲಗೆಯ ಹಾಗೆ ಚಪ್ಪಟೆ ಮಾಡಿ, ತನ್ನ ಬೆನ್ನ ಹಿಂದೆ ಮರೆಯಾಗುವಂತೆ ಬಿಗಿದಳು. ಟಾಪ್ ಗೇರಿನಲ್ಲಿ ವೇಗ ಐವತ್ತು ದಾಟಿಸಲಿಲ್ಲ. ಇಪ್ಪತ್ತೇಳು ಬಂತು. ಅಲ್ಲಿಗೆ ನಿಂತಿತು. ಎರಡು ತಿಂಗಳಿಗೆ ಉಳಿದದ್ದು ಎರಡು ದಿನ.

ಮೆಕ್ಯಾನಿಕ್ಕಿನ ಎದುರು ಗಾಡಿ ನಿಲ್ಲಿಸಿ ರೇಗಿದಳು. ನಿನ್ನ ಕೈಯಲ್ಲಿ ಆಗದಿದ್ದರೆ ಆಗುವುದಿಲ್ಲ ಅನ್ನು, ಎಲ್ಲಿ ತಪ್ಪಿದೆ ತೋರಿಸು ಎಂದಳು. ಅವನು ಟ್ಯಾಂಕಿನ ಪೈಪು ಕಳಚಿ, ಅಳತೆಯ ಬಾಟಲಿಯಲ್ಲಿ ಒಂದು ಲೀಟರ್ ತುಂಬಿ ಹ್ಯಾಂಡಲಿಗೆ ನೇತುಹಾಕಿ, ಪೈಪು ಅದಕ್ಕೆ ಸಿಕ್ಕಿಸಿದ. ಬಾಟಲಿ ಮುಗಿಯುವವರೆಗೆ ಓಡಿಸಿ ಬನ್ನಿ, ಇದರಲ್ಲಿ ಸುಳ್ಳು ನಡೆಯುವುದಿಲ್ಲ ಎಂದ. ಗಾಡಿ ನಿಂತಲ್ಲಿಂದ ಅವಳು ತಳ್ಳಿಕೊಂಡು ಬಂದಳು. ಅವನು ಮೀಟರು ನೋಡಿದ.

"ಇಪ್ಪತ್ತೇಳೂವರೆ. ಅಕ್ಕ, ಈ ಗಾಡಿಲಿ ಇಷ್ಟು ಯಾರೂ ತೆಗೆದಿಲ್ಲ."

"ಯಾರೂ ಅಂದ್ರೆ?"

ಅವನು ಬಟ್ಟೆಯಲ್ಲಿ ಕೈ ಒರೆಸಿದ. ಒರೆಸಿದ್ದನ್ನೇ ಒರೆಸಿದ. "ಯಜಮಾನ್ರೂ ತೆಗೆದಿರ್ಲಿಲ್ಲ. ಅವ್ರದ್ದು ಇಪ್ಪತ್ನಾಲ್ಕು. ವಾರದ ಮಧ್ಯೆ ಬಂದು ಇಲ್ಲಿ ಕ್ಯಾನಿಂದ ಹಾಕ್ಕೊಂಡು ಹೋಗ್ತಿದ್ರು. ಶನಿವಾರ ಬಂಕಲ್ಲಿ ತಮ್ಮನ ಮುಂದೆ ತುಂಬಿಸಿದ್ದು ಉಳಿದಷ್ಟು, ಲೆಕ್ಕಕ್ಕೆ ಬಂದಿದ್ದೂ ಅಷ್ಟೇ."

"ನಿನ್ನ ಶರಟು," ಎಂದಳು ಅವಳು.

"ಹೌದು. ಅದಕ್ಕೇ ನಂಗೆ ಪುಕ್ಕಟೆ ಇಸ್ತ್ರಿ. ಯಾರಿಗೂ ಹೇಳಬಾರ್ದು ಅಂತ ನನ್ನ ಕೈಲಿ ಆಣೆ ಹಾಕಿಸಿದ್ರು."

ಎರಡು ತಿಂಗಳು ಅವಳು ತನ್ನ ಕೈಯನ್ನು ತಾನೇ ಬೈದುಕೊಂಡಿದ್ದಳು. ಬೆರಳು ಬಾತದ್ದು, ಕೈ ಸುಟ್ಟದ್ದು, ಮೈದುನನ ಮುಂದೆ ತಲೆ ತಗ್ಗಿಸಿದ್ದು, ಎಲ್ಲ ಇಲ್ಲದ ಮೂವತ್ತೈದಕ್ಕೆ. ಈ ಮಾತು ಅತ್ತೆಯ ಎದುರು ಹೇಳಿದರೆ ಗಾಡಿ ಉಳಿಯುತ್ತದೆ, ಗಂಡನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಮರ್ಯಾದೆ ಉಳಿಯುತ್ತದೆ, ಗಾಡಿ ಹೋಗುತ್ತದೆ. ಬದುಕಿದ್ದಾಗ ಅವನು ಇಂಥದ್ದನ್ನೆಲ್ಲ ಅವಳ ತಲೆಗೇ ಕಟ್ಟುತ್ತಿದ್ದ. ಸತ್ತ ಮೇಲೂ ಬಿಡಲಿಲ್ಲ.

ಶನಿವಾರ ಮೈದುನ ಕೀಲಿಗೆ ಕೈ ಚಾಚಿಕೊಂಡೇ ಬಂದ. ಅತ್ತೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಮೆಕ್ಯಾನಿಕ್ಕು ಬಾಟಲಿ ಹಿಡಿದು ನಿಂತಿದ್ದ.

"ಇದರಲ್ಲಿ ಒಂದು ಲೀಟರ್ ಇದೆ," ಎಂದಳು ಅವಳು ಮೈದುನನಿಗೆ. "ನಂಗೆ ಬಂದಿದ್ದು ಇಪ್ಪತ್ತೇಳೂವರೆ. ನಿನ್ನ ಕೈಲಿ ಅದಕ್ಕಿಂತ ಒಂದು ಹೆಚ್ಚು ಬರ್ಲಿ, ಕೀಲಿ ನೀನೇ ಇಟ್ಕೋ. ನಾನು ಬಾಯಿ ತೆಗೆಯಲ್ಲ."

ಅವನು ನಕ್ಕು ಹತ್ತಿದ. ಊರ ಸುತ್ತಿನ ರಸ್ತೆ ಹನ್ನೊಂದು ಕಿಲೋಮೀಟರ್, ಪ್ರತಿ ಸುತ್ತಿಗೂ ಮನೆಯ ಮುಂದೆ ಹಾಯಬೇಕು. ಮೊದಲ ಸುತ್ತು ಹಾರ್ನ್ ಹೊಡೆದುಕೊಂಡು, ಇಂಜಿನ್ನು ಗರ್ಜಿಸಿಕೊಂಡು ಹೋದ. ಎರಡನೆಯ ಸುತ್ತಿಗೆ ಸದ್ದಿಲ್ಲ. ಅತ್ತೆ ಎರಡು ಸಲ ಎದ್ದು ಬೀದಿ ನೋಡಿದಳು. ಆಮೇಲೆ ತಿರುವಿನಲ್ಲಿ ಅವನು ಕಂಡ, ಆ ಆನೆಯನ್ನು ಎದೆಯಲ್ಲಿ ತಳ್ಳಿಕೊಂಡು, ಅಂಗಿ ಬೆನ್ನಿಗಂಟಿ, ಮುಖ ಕೆಂಪಗೆ ಮಾಡಿಕೊಂಡು. ಇಪ್ಪತ್ತಕ್ಕೆ ನಿಂತಿತ್ತು. ಗಾಡಿ ನಿಲ್ಲಿಸಿ, ಇಂಜಿನ್ನು ಮೊದಲೇ ಕೆಡಿಸಿಟ್ಟಿದ್ದಾರೆ ಎಂದು ಗೊಣಗಿ ನೀರು ಕೇಳಿದ.

ಅತ್ತೆ ಅವನಿಗೆ ನೀರು ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಸೊಸೆಯ ಕಡೆ ತಿರುಗಿದಳು.

"ಗಾಡಿ ನೀನೇ ಇಟ್ಕೋ. ಇವನಿಗೆ ಬರಲ್ಲ. ನಿಂಗೂ ಅಷ್ಟಕ್ಕಷ್ಟೇ. ಮೂವತ್ತೈದು ಅನ್ನೋದು ನನ್ನ ದೊಡ್ಡ ಮಗನ ಕೈಲಿತ್ತು, ಅವನ ಜೊತೆಗೇ ಹೋಯ್ತು."

ಮೆಕ್ಯಾನಿಕ್ಕು ನೆಲ ನೋಡಿದ. ಸೊಸೆಯ ನಾಲಿಗೆಯ ತುದಿಗೆ ಬಂದದ್ದು ಹಲ್ಲಿನ ಹಿಂದೆ ನಿಂತಿತು.

"ಹೌದು ಅತ್ತೆ," ಎಂದಳು. "ಅವರ ಹಾಗೆ ಯಾರಿಗೂ ಬರಲ್ಲ."

ಪೈಪು ಕಳಚಿ ಟ್ಯಾಂಕಿಗೆ ಸಿಕ್ಕಿಸಿದಳು. ಆಸ್ಪತ್ರೆಯ ಬಟ್ಟೆಗೆ ಆಗಲೇ ಹೊತ್ತು ಮೀರಿತ್ತು. ಗಂಟುಗಳನ್ನು ಬಿಗಿದು, ಕಿಕ್ಕರಿನ ಮೇಲೆ ಎರಡೂ ಕಾಲಿಟ್ಟು ಒದ್ದಳು. ಹಿಡಿಯಲಿಲ್ಲ. ಮತ್ತೆ ಒದ್ದಳು, ಬೇಕಾದ್ದಕ್ಕಿಂತ ಜೋರಾಗಿಯೇ.