ಬಾಣಂತನಕ್ಕೊಂದು ವೀಸಾ

ಕಡಬದಲ್ಲಿ ಜನರಿಗೆ ಅರ್ಜಿ ತುಂಬಿಸಿಕೊಡುವುದು ನನ್ನ ಕೆಲಸ. ಕೊಯಿಲದ ಸರಸ್ವತಕ್ಕನಿಗೆ ಐರ್ಲೆಂಡಿನಲ್ಲಿರುವ ಮಗಳ ಹೆರಿಗೆಗೆ ಹೋಗಬೇಕಿತ್ತು. ಅರ್ಜಿಯಲ್ಲಿ ಕಾರಣ ಕೇಳಿದ ಜಾಗದಲ್ಲಿ ‘ಬಾಣಂತನ’ ಅಂತಲೇ ಬರೆಸಿದರು. ಪ್ರವಾಸಿ ವೀಸಾದಲ್ಲಿ ಮಗು ನೋಡಿಕೊಳ್ಳುವ ಕೆಲಸ ಮಾಡುವಂತಿಲ್ಲವೆಂದು ಉತ್ತರ ಬಂತು.

“ಇನ್ನೆಷ್ಟು ಸಲ ಹಾಕ್ಬಹುದು ಮಾರಾಯ್ರೆ?”

“ಎಷ್ಟು ಸಲ ಬೇಕಾದ್ರೂ ಹಾಕ್ಬಹುದು ಅಕ್ಕ. ಆದ್ರೆ ‘ಮಗಳನ್ನು ನೋಡ್ಲಿಕ್ಕೆ’ ಅಂತ ಬರೆಯುವ.”

“ಬರೀ ನೋಡಿ ಬರ್ಲಿಕ್ಕೆ ನಾನೆಂತ ನೆಂಟಳಾ? ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುದು ಯಾರು?”

ಎರಡನೇ ಅರ್ಜಿಯಲ್ಲೂ ‘ಬಾಣಂತನ’ ಅಂತಲೇ ಬರೆಸಿದರು; ಅದಕ್ಕೂ ಅದೇ ಉತ್ತರ ಬಂತು.

ಹೋದ ತಿಂಗಳು ಮತ್ತೆ ಬಂದರು. ಮೊಮ್ಮಗಳು ಗೋಡೆ ಹಿಡಿಯದೆ ನಡೆಯುವುದನ್ನು ಮೊಬೈಲಿನಲ್ಲಿ ತೋರಿಸಿದರು.

“ಇನ್ನು ನೋಡ್ಲಿಕ್ಕೆ ಅಂತಲೇ ಬರೀರಿ” ಎಂದು, ಮಗುವಿಗೆಂದು ಕಾಯಿಸಿಟ್ಟ ಎಣ್ಣೆಯ ಬಾಟ್ಲಿಯನ್ನು ನನ್ನ ಮೇಜಿನ ಮೇಲಿಟ್ಟರು. “ನಿಮ್ಮ ಗಂಟುನೋವಿಗಾದ್ರೂ ಆಗ್ಲಿ.”

ಗಂಟುನೋವು ಕಡಿಮೆಯಾಗಿದೆ. ವೀಸಾ ಇನ್ನೂ ಬಂದಿಲ್ಲ.