ಶಂಕ್ರೆವ್ವ ಸಹಿ ಹಾಕದ ಕಾಗದ

ಬನಹಟ್ಟಿಯ ಶಂಕ್ರೆವ್ವನಿಗೆ ಗಿಡಗಳ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಪ್ರೀತಿಯೆಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದವನು ಅವಳ ಮಾಲೀಕ ಬಸಗೊಂಡಪ್ಪ. ಮುಧೋಳ ರಸ್ತೆಯ ಮೇಲಿನ 'ನಂದನ ಗಾರ್ಡನ್ ಕಂಪನಿ' ಅವನದು. ಗುಲಾಬಿಯ ಎಲೆ ಹರಿದರೆ ತನ್ನ ಕರುಳೇ ಹರಿದಂತಾಗುತ್ತದೆ ಎನ್ನುತ್ತಿದ್ದ. ಮನುಷ್ಯರ ವಿಷಯದಲ್ಲಿ ಅವನ ಕರುಳು ಬಹಳ ಗಟ್ಟಿ.

ಶಂಕ್ರೆವ್ವ ನೇಕಾರರ ಮನೆಯ ಹೆಣ್ಣು. ಮಗ್ಗದಲ್ಲಿ ಹರಿದ ಎಳೆ ಕೂಡಿಸುತ್ತಲೇ ಬೆಳೆದವಳು. ಏಳನೆಯ ಇಯತ್ತೆ ಓದಿದ್ದಳು. ಮನೆಯ ಕೈಮಗ್ಗ ನಿಂತಾಗ ಅವಳಿಗೆ ನಲವತ್ತು ದಾಟಿತ್ತು. ನಂದನದಲ್ಲಿ ಕೂಲಿಗೆ ಸೇರಿದಳು. ಮಾವಿನ ಕಸಿ ಕಟ್ಟುವುದನ್ನು ಎರಡು ದಿನ ನೋಡಿದಳು, ಮೂರನೆಯ ದಿನ ಕಲಿಸಿದವನಿಗಿಂತ ಬಿಗಿಯಾಗಿ ಕಟ್ಟಿದಳು. ಅವಳು ಕಟ್ಟಿದ ನೂರರಲ್ಲಿ ತೊಂಬತ್ತು ಚಿಗುರುತ್ತಿದ್ದವು. ಬಸಗೊಂಡಪ್ಪ ಗಿರಾಕಿಗಳನ್ನು ಕರೆತಂದು, "ನೋಡ್ರಿ, ನನ್ನ ಕೈಗುಣ!" ಎನ್ನುತ್ತಿದ್ದ. ಅವನ ಕೈಗೆ ಮಣ್ಣು ತಾಗಿದ್ದನ್ನು ಯಾರೂ ಕಂಡಿರಲಿಲ್ಲ.

ಈ ಕಂಪನಿಯು ಬಂಗಲೆಗಳಿಗೂ ಕಾರ್ಖಾನೆಯ ಕಾಲೊನಿಗಳಿಗೂ ತೋಟ ಮಾಡಿಕೊಡುತ್ತಿತ್ತು. ಹಾಸುವ ಹುಲ್ಲು, ಹೂವಿನ ಕುಂಡ, ಗೊಬ್ಬರ ಎಲ್ಲವೂ ಹುನ್ನೂರಿನ ಕಡೆ ದಶರಥನೆಂಬ ಗುತ್ತಿಗೆದಾರನ ಕಂಪೌಂಡಿನಿಂದ ಬರುತ್ತಿದ್ದವು. ಎಲ್ಲರಿಗಿಂತ ಅಗ್ಗ. ಅಗ್ಗ ಹೇಗೆ ಎಂದು ಬಸಗೊಂಡಪ್ಪ ಎಂದೂ ಕೇಳಲಿಲ್ಲ.

೧೯೮೬ರ ಬೇಸಿಗೆ. ಹುಲ್ಲಿನ ಟ್ರ್ಯಾಕ್ಟರಿನ ಜೊತೆ ಕರೆವ್ವ ಎಂಬ ಹೆಂಗಸು ಬಂದಳು. ಹೊರೆ ಇಳಿಸುತ್ತ ಶಂಕ್ರೆವ್ವನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಅಕ್ಕಾ, ಇಲ್ಲಿಂದ ಬೀಳಗಿ ಯಾವ ದಿಕ್ಕಿಗಿ ಬರತೈತಿ?"

"ಯಾಕವಾ, ನಿಮ್ಮೂರೇನು?"

"ಹೂನಕ್ಕಾ. ಮೂರ ವರ್ಷ ಆತು ನೋಡಿಲ್ಲ. ಅವ್ವ ಸತ್ತಾಗೂ ಬಿಡಲಿಲ್ಲ. ರೇಶನ್ ಕಾರ್ಡ್ ದಶರಥಪ್ಪನ ಪೆಟಿಗ್ಯಾಗ ಐತಿ. ಸಂಜಿಗಿ ಗೇಟಿಗಿ ಹೊರಗಿಂದ ಕೀಲಿ ಹಾಕ್ತಾರ."

ಅಷ್ಟರಲ್ಲಿ ಟ್ರ್ಯಾಕ್ಟರಿನವನು ಗದರಿಸಿದ. ಕರೆವ್ವ ಮಾತು ಅಲ್ಲಿಗೇ ಬಿಟ್ಟು ಹೊರೆಗೆ ಕೈ ಹಾಕಿದಳು.

ಶಂಕ್ರೆವ್ವನಿಗೆ ಆ ದಿನ ಕಸಿ ಸರಿಯಾಗಿ ಕಟ್ಟಲಾಗಲಿಲ್ಲ. ಸೂಟಿಯ ದಿನ ಬಸ್ಸು ಹತ್ತಿ ಹುನ್ನೂರಿಗೆ ಹೋದಳು. ಕುಂಡ ನೋಡಲು ಕಂಪನಿ ಕಳಿಸಿದೆ ಎಂದು ಸುಳ್ಳು ಹೇಳಿ ಒಳಗೆ ಹೊಕ್ಕಳು. ಹದಿಮೂರು ಜನ, ಒಂದು ತಗಡಿನ ಶೆಡ್ಡು. ಊರು ಬಿಟ್ಟು ಎಷ್ಟು ದಿನವಾಯಿತೆಂದು ಕೇಳಿದರೆ ಎಲ್ಲರೂ ಗೇಟಿನ ಕಾವಲುಗಾರನ ಮುಖ ನೋಡಿದರು.

ಮರುದಿನ ಮಾಲೀಕನಿಗೆ ಹೇಳಿದಳು. ಅವನು ಎಳನೀರು ಕುಡಿಯುವುದನ್ನು ನಿಲ್ಲಿಸಲಿಲ್ಲ.

"ಅದು ದಶರಥನ ಕಂಪೌಂಡು. ನಮಗೂ ಅದಕ್ಕೂ ಏನ ಸಂಬಂಧ?"

"ಅವರ ಕೊರದ ಹುಲ್ಲ ಹಾಸಿ ನೀವು ಹಾರ ಹಾಕ್ಕೋತೀರಿ. ಅದ ಸಂಬಂಧರಿ ಸಾವ್ಕಾರ್ರ."

"ನಿನ್ನ ಕೆಲಸ ಕಸಿ ಕಟ್ಟೂದು. ಕಟ್ಟು, ಹೋಗು," ಎಂದ ಆ ಸಸ್ಯಪ್ರೇಮಿ.

ಆದರೆ ಮುಂದಿನ ತಿಂಗಳು ಅವನಿಗೇ ಅವಳ ಕೈ ಬೇಕಾಯಿತು. ದೊಡ್ಡ ಕಾರ್ಖಾನೆಯೊಂದು ತನ್ನ ಹೊಸ ಕಾಲೊನಿಗೆ ತೋಟ ಮಾಡಿಸುವುದಿತ್ತು. ಜೀತದವರಿಂದ ಕೆಲಸ ಮಾಡಿಸುತ್ತಿಲ್ಲ, ಹಾಗೆ ಮಾಡಿಸುವವರಿಂದ ಮಾಲು ಕೊಳ್ಳುತ್ತಲೂ ಇಲ್ಲ ಎಂದು ಬರೆದುಕೊಡಬೇಕು. ಮಾಲೀಕನ ಜೊತೆ ಕೆಲಸಗಾರರ ಪರವಾಗಿಯೂ ಒಬ್ಬರ ಸಹಿ ಬೇಕು ಎಂಬುದು ಅವರ ಕರಾರು. ಕೆಲಸಗಾರರಲ್ಲಿ ಸಹಿ ಮಾಡಲು ಬರುತ್ತಿದ್ದವಳು ಶಂಕ್ರೆವ್ವ ಒಬ್ಬಳೇ.

ಕಾರ್ಖಾನೆಯ ಅಧಿಕಾರಿ ರಾಮಲಿಂಗಪ್ಪ ಜೀಪಿನಲ್ಲಿ ಬಂದ. ಹಾರ ಬಿತ್ತು, ಮಿರ್ಚಿ ಭಜಿ ಬಂತು. ಬಸಗೊಂಡಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಕಾಗದ ಓದಿದ. "ಮನುಷ್ಯನ ಸ್ವಾತಂತ್ರ್ಯವೇ ನಮ್ಮ ಕಂಪನಿಯ ಬೇರು" ಎಂಬಲ್ಲಿ ಅವನ ಕಣ್ಣು ಒದ್ದೆಯಾಯಿತು. ಭಜಿ ಖಾರವಾಗಿತ್ತು. ಆಮೇಲೆ ಪೆನ್ನನ್ನು ಶಂಕ್ರೆವ್ವನ ಮುಂದೆ ಹಿಡಿದ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಪೆನ್ನು ಮುಟ್ಟಲಿಲ್ಲ.

"ಸುಳ್ಳಿಗಿ ನನ್ನ ಹೆಸರ ಹಾಕೂದಿಲ್ಲರಿ. ಸಾಹೇಬ್ರ, ಜೀಪ ಹುನ್ನೂರ ಹಾದಿಗಿ ತಿರಗಸ್ರಿ. ಅಲ್ಲಿ ಹದಿಮೂರ ಮಂದಿಗಿ ಕೀಲಿ ಹಾಕಿಟ್ಟಾರ."

ರಾಮಲಿಂಗಪ್ಪ ಕೆಟ್ಟವನಲ್ಲ. ಊಟದ ಹೊತ್ತಿಗೆ ಮನೆ ಸೇರಬೇಕೆನ್ನುವ ನೌಕರ, ಅಷ್ಟೇ. "ನಾ ಕಾಗದಾ ತಗೊಂಡ ಹೋಗಾಕ ಬಂದೇನವಾ, ಕಂಪೌಂಡ ನೋಡಾಕಲ್ಲ," ಎಂದ.

"ಹಂಗಾರ ಕಾಲೊನ್ಯಾಗ ಹುಲ್ಲೂ ಕಾಗದದ್ದ ಹಾಸ್ಕೋರಿ."

ಜೀಪಿನ ಡ್ರೈವರ್ ಕಿಸಕ್ಕನೆ ನಕ್ಕ. ಕೆಲಸದವರೆಲ್ಲ ರಾಮಲಿಂಗಪ್ಪನನ್ನೇ ನೋಡುತ್ತಿದ್ದರು. ಅವನ ಕಿವಿ ಕೆಂಪಾದವು. ಕೈಯಲ್ಲಿದ್ದ ಭಜಿ ತಟ್ಟೆಯಲ್ಲಿಟ್ಟು, "ನಡೀವಾ, ತೋರಸು," ಎಂದ. ಬಸಗೊಂಡಪ್ಪನ ಎದೆ ಅದೇ ಗಳಿಗೆಗೆ ನೋಯತೊಡಗಿತು, ಬರಲಾಗುವುದಿಲ್ಲವೆಂದ.

ಹುನ್ನೂರಿನ ಗೇಟಿಗೆ ಹಾಡುಹಗಲೇ ಕೀಲಿ ಬಿದ್ದಿತ್ತು. ದಶರಥ ಓಡಿಬಂದು, "ಇವರು ನನ್ನ ಮಕ್ಕಳಿದ್ದಂಗರಿ ಸಾಹೇಬ್ರ," ಎಂದ.

"ಮಕ್ಕಳಾದ್ರ ಕೀಲಿ ಯಾಕೋ?" ಶಂಕ್ರೆವ್ವ ಕೇಳಿದಳು. "ನಿನ್ನ ಹೊಟ್ಯಾಗ ಹುಟ್ಟಿದವರ್ನೂ ಹಿಂಗ ತಗಡಿನ್ಯಾಗ ಮಲಗಸ್ತೀ ಏನು?"

ದಶರಥ ಕೀಲಿ ತೆಗೆದು ಗೇಟು ಬಿಚ್ಚಿದ. ರಾಮಲಿಂಗಪ್ಪ ಕಂಡ ಮೇಲೆ ಕಂಡಿಲ್ಲವೆನ್ನುವಷ್ಟು ನಾಚಿಕೆಗೇಡಿಯಲ್ಲ. ತಾಲೂಕಿನ ಅಧಿಕಾರಿಗಳಿಗೆ ತಾನೇ ಬರೆದು ತಿಳಿಸಿದ. ಎರಡು ದಿನದಲ್ಲಿ ಅವರು ಪೊಲೀಸರೊಂದಿಗೆ ಬಂದರು. ದಶರಥ ಪೆಟ್ಟಿಗೆಯಿಂದ ತೆಗೆದು ಬಚ್ಚಿಟ್ಟಿದ್ದ ಹದಿಮೂರು ರೇಶನ್ ಕಾರ್ಡುಗಳು ಗೊಬ್ಬರದ ಖಾಲಿ ಡಬ್ಬಿಯೊಂದರಲ್ಲಿ ಸಿಕ್ಕವು. ಜೀತ ಬಿಡುಗಡೆಯ ಪತ್ರ ಕೈಗೆ ಬಂದಾಗ ಕರೆವ್ವ ಅದನ್ನು ಓದಲಾರದೆ ತಿರುಗಿಸಿ ತಿರುಗಿಸಿ ನೋಡಿದಳು. ಶಂಕ್ರೆವ್ವ ಅವಳನ್ನು ಬೀಳಗಿಯ ಬಸ್ಸಿಗೆ ಹತ್ತಿಸಿದಳು. "ಅವ್ವ ಇಲ್ಲದ ಮನಿಗಿ ಹ್ಯಾಂಗ ಹೋಗ್ಲಕ್ಕಾ," ಎಂದು ಕರೆವ್ವ ಅತ್ತಳು. ಆದರೂ ಹೋದಳು.

ಬಸಗೊಂಡಪ್ಪನ ಎದೆನೋವು ವಾರದಲ್ಲಿ ಗುಣವಾಯಿತು. ಜೀತವನ್ನು ಬಯಲಿಗೆಳೆದ ಮೊದಲ ಕಂಪನಿ ನಮ್ಮದೇ ಎಂದು ಹೇಳಿಕೊಂಡು ಶಾಲು ಹೊದಿಸಿಕೊಂಡ. ಶಂಕ್ರೆವ್ವನನ್ನು ಮಾತ್ರ ಕೆಲಸದಿಂದ ತೆಗೆದ. ಹದಿನೈದೇ ದಿನ. ಹೊಸಬರು ಕಟ್ಟಿದ ಕಸಿಗಳೆಲ್ಲ ಕಪ್ಪಾಗಿ ಒಣಗಿದಾಗ ತಾನೇ ಬನಹಟ್ಟಿಗೆ ಬಂದು ಅವಳ ಕಟ್ಟೆಯ ಮೇಲೆ ಕೂತ.

"ಬರ್ತೇನಿ," ಎಂದಳು ಅವಳು. "ಆದರ ಮಾಲು ಎಲ್ಲಿಂದ ಬರತೈತಿ ಅಲ್ಲಿಗಿ ತಿಂಗಳಿಗೊಮ್ಮಿ ನಾನ ಹೋಗಾಕಿ. ನಾ ಹೂಂ ಅಂದ ಮ್ಯಾಲ ಟ್ರ್ಯಾಕ್ಟರ್ ಒಳಗ ಬರಬೇಕು."

ಅವನಿಗೆ ಬೇರೆ ದಾರಿಯಿರಲಿಲ್ಲ. ಮುಂದೆ ಎಂಟು ವರ್ಷ ಶಂಕ್ರೆವ್ವ ಕುಂಡದ ಭಟ್ಟಿಗಳಿಗೂ ಹುಲ್ಲಿನ ಹೊಲಗಳಿಗೂ ತಪ್ಪದೆ ಹೋದಳು. ಹೋದಲ್ಲಿ ಕೂಲಿಯವರನ್ನು ಬದಿಗೆ ಕರೆದು ಮೂರೇ ಮಾತು ಕೇಳುತ್ತಿದ್ದಳು: ನಿನ್ನ ಕಾರ್ಡು ಯಾರ ಹತ್ತಿರ ಐತಿ? ಊರಿಗಿ ಯಾವಾಗ ಹೋಗಿದ್ದಿ? ಗೇಟಿನ ಕೀಲಿ ಯಾರ ಕಡೆ ಇರತೈತಿ? ಬಸಗೊಂಡಪ್ಪ ಹಿಂದಿನಿಂದ, "ಕುಂಡಕ್ಕೂ ಜಾತಕಾ ಕೇಳ್ತಾಳ," ಎಂದು ಹಲ್ಲು ಕಿರಿಯುತ್ತಿದ್ದ. ಎದುರಿಗೆ ಬಂದರೆ ಬಾಯಿ ಮುಚ್ಚುತ್ತಿದ್ದ. ಆ ಎಂಟು ವರ್ಷಗಳಲ್ಲಿ ಎರಡು ಸಲ ಅವಳು ಮಾಲು ತಿರುಗಿ ಕಳಿಸಿದಳು. ಎರಡನೆಯ ಸಲ ಮಾಲು ತಿರುಗಿ ಹೋದ ಭಟ್ಟಿಯವನು ತಿಂಗಳೊಳಗೆ ಎಲ್ಲರ ಕಾರ್ಡು ಅವರವರ ಕೈಗೆ ಕೊಟ್ಟು, ಬಂದು ನೋಡಿಕೊಂಡು ಹೋಗೆಂದು ಅವಳಿಗೆ ಹೇಳಿಕಳಿಸಿದ.